ವಿಭೂತಿ ಹೇಳಿದ ಬಣ್ಣ

ಮನುಷ್ಯನ ಮುಖಕ್ಕೆ ಸ್ವಂತ ಬಣ್ಣ ಎಂಬುದಿಲ್ಲ ಎಂದು ನಾನು ಹೇಳಿದರೆ, ಇವನಿಗೆ ಇದ್ದಕ್ಕಿದ್ದಂತೆ ವೇದಾಂತ ಹತ್ತಿತೇನೋ ಎಂದು ನೀವು ಗಾಬರಿಯಾಗಬೇಡಿ. ಇದು ವೇದಾಂತವಲ್ಲ, ಹೊಟ್ಟೆಪಾಡು. ದಾವಣಗೆರೆಯಲ್ಲಿ ಮೂವತ್ತು ವರ್ಷದಿಂದ ಫೋಟೊ ಸ್ಟುಡಿಯೊ ಇಟ್ಟುಕೊಂಡು ಕೂತಿರುವ ನನಗೆ ಗೊತ್ತು, ಮುಖವೆಂಬುದು ಪಕ್ಕದಲ್ಲಿ ಏನಿದೆಯೋ ಅದರ ಬಣ್ಣವನ್ನು ಮೈಗೆ ಹಚ್ಚಿಕೊಳ್ಳುವ ಜಾತಿಯದು. ಹಸಿರು ಗೋಡೆಯ ಪಕ್ಕ ನಿಲ್ಲಿಸಿದರೆ ಕೆನ್ನೆ ಹಸಿರಾಗುತ್ತದೆ. ಕೆಂಪು ಶಾಮಿಯಾನದ ಕೆಳಗೆ ಕೂರಿಸಿದರೆ ಬೆಳಗಿನಿಂದ ಉಪವಾಸವಿರುವ ಹುಡುಗಿಯ ತಂದೆಯೂ ಎಲ್ಲೋ ಕುಡಿದು ಬಂದವನಂತೆ ಕಾಣುತ್ತಾನೆ. ಈಗಿನ ಕಲ್ಯಾಣ ಮಂಟಪಗಳ ನೇರಳೆ ದೀಪಗಳ ಕಥೆಯನ್ನಂತೂ ಕೇಳಲೇಬೇಡಿ. ಅಲ್ಲಿ ಅಕ್ಕಿಕಾಳು ಹಾಕುವ ಬಂಧುಬಳಗವೆಲ್ಲ ಜಂಬು ನೇರಳೆ ಹಣ್ಣು ತಿಂದು ಕೈಯನ್ನು ಮುಖಕ್ಕೇ ಒರೆಸಿಕೊಂಡವರ ಹಾಗಿರುತ್ತಾರೆ. ನಾವು ಕಸುಬಿನವರು ಇದಕ್ಕೆ ‘ಬಣ್ಣ ಹೊಡೆಯುವುದು’ ಎನ್ನುತ್ತೇವೆ. ‘ಮದುಮಗನಿಗೆ ಹಸಿರು ಹೊಡೀತೈತೆ ನೋಡು’ ಎಂದು ನಾವು ಮಾತಾಡಿಕೊಳ್ಳುವುದನ್ನು ಕೇಳಿ ಬೀಗರು ಬೆಚ್ಚಿದ್ದೂ ಉಂಟು. ಹೀಗೆ ಹೊಡೆದ ಬಣ್ಣವನ್ನು ಕಂಪ್ಯೂಟರಿನ ಮುಂದೆ ಕೂತು ಒಂದೊಂದಾಗಿ ತೆಗೆದು, ಅವರವರ ಮುಖವನ್ನು ಅವರವರಿಗೆ ವಾಪಸು ಕೊಡುವುದೇ ನನ್ನ ನಿಜವಾದ ಕೆಲಸ. ಫೋಟೊ ತೆಗೆಯುವುದು ಅದಕ್ಕೊಂದು ನೆಪ.

ಈ ಕೆಲಸದ ಕೆಟ್ಟ ಗುಣವೆಂದರೆ ಅದು ಅಂಗಡಿಯ ಬಾಗಿಲು ಎಳೆದ ಮೇಲೂ ಬೆನ್ನು ಬಿಡುವುದಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಶೈಲಾಳನ್ನು ಬೆಣ್ಣೆ ದೋಸೆ ತಿನ್ನಿಸಲು ಕರೆದುಕೊಂಡು ಹೋಗಿದ್ದೆ. ಎದುರಿಗೆ ಕೂತವಳು ಹೊಸ ಸೀರೆ ಉಟ್ಟು, ನಾನು ಏನಾದರೂ ಅನ್ನಲಿ ಎಂದು ಕಾಯುತ್ತಿದ್ದಳು. ನಾನೂ ಬಹಳ ಹೊತ್ತು ಅವಳ ಮುಖವನ್ನೇ ನೋಡಿದೆ. ಆಮೇಲೆ, “ಈ ಟ್ಯೂಬ್‌ಲೈಟಿಗೆ ನಿನ್ನ ಗಲ್ಲ ಹಸಿರು ಹೊಡೀತೈತೆ, ಒಂಚೂರು ಈ ಕಡೆ ಸರಿದು ಕೂಡು” ಎಂದೆ. ಅವಳು ಸರಿದು ಕೂತಳು. ಆದರೆ ದೋಸೆಯ ಮೇಲಿನ ಬೆಣ್ಣೆ ಕರಗಿ, ದೋಸೆ ಆರಿ, ಮನೆಗೆ ಬಂದು ಮಲಗುವವರೆಗೂ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಇಪ್ಪತ್ಮೂರು ವರ್ಷ ಕಳೆದ ಮೇಲೂ ಆ ದೋಸೆಯ ಸುದ್ದಿ ನಮ್ಮ ಮನೆಯಲ್ಲಿ ಇನ್ನೂ ಬಿಸಿಯಾಗಿಯೇ ಇದೆ.

ಇನ್ನೊಂದು ಸಲ ಹರಿಹರಕ್ಕೆ ಹೋಗುವಾಗ ಬಾತಿಯ ಹತ್ತಿರ ಒಂದು ಚಹಾದಂಗಡಿಯಲ್ಲಿ ಹಳೆಯ ಗೆಳೆಯನೊಬ್ಬ ಸಿಕ್ಕಿದ. ಅಕ್ಕರೆಯಿಂದಲೇ, “ಯಾಕಪ್ಪ, ಮುಖ ಎಲ್ಲ ಹಳದಿ ಆಗೈತಲ್ಲ” ಎಂದುಬಿಟ್ಟೆ. ಅವನು ಮರುದಿನವೇ ರಕ್ತ ಪರೀಕ್ಷೆ ಮಾಡಿಸಿ, ಅದರಲ್ಲಿ ಏನೂ ಇಲ್ಲವೆಂದರೂ ನಂಬದೆ, ಕಾಮಾಲೆಗೆಂದು ನೆಲನೆಲ್ಲಿ ಅರೆದು ಕುಡಿದು, ಉಪ್ಪು ಖಾರ ಎಣ್ಣೆ ಬಿಟ್ಟು ಹದಿನೈದು ದಿನ ಗಂಜಿಯ ಮೇಲೆ ಬದುಕಿದ. ಆಮೇಲೆ ಮತ್ತೆ ಅದೇ ಅಂಗಡಿಯಲ್ಲಿ ಕೂತಾಗ ತಲೆ ಎತ್ತಿ ನೋಡಿದೆ. ಮೇಲೆ ಹಳದಿ ತಾಡಪಾಲು ಕಟ್ಟಿದ್ದರು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ನನ್ನಂಥವನ ಕಣ್ಣಿಗೆ ಬಿದ್ದರೆ ಗಟ್ಟಿಮುಟ್ಟಾದವರಿಗೂ ಕಾಮಾಲೆ ಬರುತ್ತದೆ. ಆ ಗೆಳೆಯನಿಗೆ ತಾಡಪಾಲಿನ ವಿಷಯವನ್ನು ನಾನು ಇವತ್ತಿನವರೆಗೂ ಹೇಳಿಲ್ಲ.

ಮುಖದ ನಿಜವಾದ ಬಣ್ಣ ಯಾವುದು ಎಂದು ಕಂಡುಹಿಡಿಯಲು ಒಂದು ಉಪಾಯವಿದೆ. ಫೋಟೊದಲ್ಲಿ ಎಲ್ಲಾದರೂ ಬೆಳ್ಳಗಿರಲೇಬೇಕಾದ ಜಾಗವೊಂದನ್ನು ಹುಡುಕಬೇಕು. ಕಂಪ್ಯೂಟರಿನಲ್ಲಿ ಕಣ್ಣಿಗೆ ಔಷಧ ಬಿಡುವ ಪಿಚಕಾರಿಯಂಥ ಒಂದು ಚಿತ್ರವಿದೆ, ಅದಕ್ಕೆ ಡ್ರಾಪರು ಎನ್ನುತ್ತೇವೆ. ಆ ಬಿಳಿ ಜಾಗದ ಮೇಲೆ ಡ್ರಾಪರು ಇಟ್ಟು ಒಂದು ಸಲ ಒತ್ತಿದರೆ, ‘ಓಹೋ, ಇದು ಬಿಳಿಯೋ’ ಎಂದು ಕಂಪ್ಯೂಟರು ಅರ್ಥ ಮಾಡಿಕೊಂಡು, ಉಳಿದ ಬಣ್ಣಗಳನ್ನೆಲ್ಲ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ದೊಡ್ಡ ಊರಿನ ಫೋಟೊಗ್ರಾಫರುಗಳು ಇದಕ್ಕಾಗಿಯೇ ಒಂದು ಬಿಳಿ ಕಾರ್ಡು ಇಟ್ಟುಕೊಂಡು, ಮದುಮಕ್ಕಳ ಕೈಯಲ್ಲಿ ಅದನ್ನು ಹಿಡಿಸಿ, ಮೊದಲು ಒಂದು ಫೋಟೊ ತೆಗೆದುಕೊಳ್ಳುತ್ತಾರೆ. ನಾನೂ ಒಂದು ತರಿಸಿದ್ದೆ. ಹರಿಹರದ ಒಂದು ಮದುವೆಗೆ ಹೋದಾಗ ಅದನ್ನು ಮನೆಯಲ್ಲೇ ಮರೆತೆ. ಮಂಟಪದ ಗೋಡೆ ಗಿಳಿಹಸಿರು, ಮೇಲೆ ಗುಲಾಬಿ ಬಟ್ಟೆ, ಬದಿಯಲ್ಲಿ ನೀಲಿ ದೀಪ. ಬಿಳಿ ಪಂಚೆಗಳೂ ಸುಣ್ಣದ ಕಂಬಗಳೂ ಗುಲಾಬಿಯಾಗಿ ಕೂತಿದ್ದವು; ಯಾವುದು ನಿಜವಾದ ಬಿಳಿ, ಯಾವುದು ತೊಳೆದು ತೊಳೆದು ನೀಲಿ ಹಿಡಿದ ಬಿಳಿ ಎಂದು ತಿಳಿಯದೆ ಮರುದಿನ ಕಂಪ್ಯೂಟರಿನ ಮುಂದೆ ತಲೆ ಚಚ್ಚಿಕೊಳ್ಳುತ್ತಿದ್ದೆ. ಆಗ ಹುಡುಗನ ಅಜ್ಜನ ಹಣೆಯ ಮೇಲಿನ ಮೂರು ಗೆರೆ ವಿಭೂತಿ ಕಣ್ಣಿಗೆ ಬಿತ್ತು. ಶಿವಾ ಎಂದು ಅದರ ಮೇಲೆ ಡ್ರಾಪರು ಒತ್ತಿದೆ. ಅಜ್ಜ, ಅಜ್ಜನ ಪಕ್ಕದ ಬೀಗ, ಬೀಗರ ಹಿಂದಿನ ಅಡುಗೆಯವರು, ಎಲ್ಲರೂ ಒಂದೇ ಏಟಿಗೆ ಮನುಷ್ಯರಾದರು.

ಅವತ್ತಿನಿಂದ ಆ ಕಾರ್ಡನ್ನು ಶೈಲಾ ಸಕ್ಕರೆ ಡಬ್ಬಿಗೆ ಮುಚ್ಚಳ ಮಾಡಿದ್ದಾಳೆ. ನಮ್ಮ ಕಡೆಯ ಮದುವೆಗಳಲ್ಲಿ ಬರುವವರೆಲ್ಲ ಹಣೆಯ ಮೇಲೇ ಕಾರ್ಡು ಹಚ್ಚಿಕೊಂಡು ಬರುವಾಗ ನನಗೆ ಬೇರೆಯದು ಯಾಕೆ ಬೇಕು? ಹಣೆ ಬೆವರಿ ಗೆರೆ ಅಳಿಸಿದವರನ್ನು ಕಂಡರೆ, “ಯಜಮಾನ್ರೇ, ಒಂಚೂರು ವಿಭೂತಿ ಹಚ್ಕೊಂಡು ಬಂದು ನಿಂದರ್ರಿ” ಎನ್ನುತ್ತೇನೆ. ಎಂಥ ಸಂಸ್ಕಾರವಂತ ಫೋಟೊಗ್ರಾಫರು ಎಂದು ಹಿರಿಯರು ಮೆಚ್ಚಿ ಇನ್ನೆರಡು ಮದುವೆಗೆ ನನ್ನ ಹೆಸರು ಹೇಳುತ್ತಾರೆ. ವಿಭೂತಿ ಸುಳ್ಳು ಹೇಳುವುದಿಲ್ಲ ಎಂದು ನಾನೂ ಕಸುಬಿನ ಗೆಳೆಯರ ಮುಂದೆ ಹೇಳಿಕೊಂಡು ತಿರುಗಿದೆ. ಹೇಳುವುದು ಬೇರೆ, ನಂಬುವುದು ಬೇರೆ ಎಂದು ನನಗೆ ಗೊತ್ತಾಗಿದ್ದು ನಮ್ಮ ಅತ್ತೆಯವರ ಫೋಟೊ ಕೈಗೆ ಬಂದಾಗ.

ನಮ್ಮ ಅತ್ತೆ ಗೌರಮ್ಮನವರು ಹರಿಹರದಲ್ಲಿ ಮಗ, ಸೊಸೆ, ಮೊಮ್ಮಕ್ಕಳ ನಡುವೆ ಇರುವವರು. ಮನೆಯ ಕೀಲಿಕೈ ಈಗಲೂ ಅವರ ಸೊಂಟದಲ್ಲೇ ಇದೆ. ಮಾವನವರು ಕಾಳಿನ ವ್ಯಾಪಾರ ಮಾಡುತ್ತಿದ್ದರು, ತೀರಿಕೊಂಡು ಆರು ವರ್ಷವಾಯಿತು. ಬಹಳ ಕಡಿಮೆ ಮಾತಿನ ಮನುಷ್ಯ. ಅಳಿಯನಾದ ನನ್ನ ಜೊತೆ ಹದಿನೇಳು ವರ್ಷದಲ್ಲಿ ಅವರು ಆಡಿದ ಮಾತುಗಳನ್ನೆಲ್ಲ ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆಯಬಹುದು. ಅದರಲ್ಲೂ ಅರ್ಧ ‘ಊಟ ಆತಾ?’ ಎಂಬುದೇ ಇರುತ್ತದೆ. ನನ್ನ ಬಾಮೈದ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ದಿನ ಗೊತ್ತು ಮಾಡಿದ್ದ. ಅದಕ್ಕೆ ಹತ್ತು ದಿನ ಇರುವಾಗ ಅತ್ತೆ ಒಬ್ಬರೇ ಬಸ್ಸು ಹತ್ತಿ ದಾವಣಗೆರೆಗೆ ಬಂದು, ಮನೆಗೆ ಹೋಗದೆ ನೇರವಾಗಿ ಸ್ಟುಡಿಯೊದ ಮೆಟ್ಟಿಲು ಹತ್ತಿದರು.

“ಬರ್ರಿ ಅತ್ತೆ, ಕೂಡ್ರಿ. ಶೈಲಾ ಮನೇಲಿ ಅದಾಳೆ” ಎಂದೆ.

“ಅಕಿ ಕೂಟೆ ಆಮೇಲೆ ಮಾತಾಡ್ತೀನಿ. ನಿಮ್ಮ ಕೂಟೆ ಕೆಲಸ ಐತೆ” ಎಂದವರು ಚೀಲದೊಳಗಿನಿಂದ ಒಂದು ರವಿಕೆ ಕಣ ತೆಗೆದರು. ಅದರ ಮಡಿಕೆಯೊಳಗೆ ಒಂದು ಫೋಟೊ ಇತ್ತು. ಅಂಗೈ ಅಗಲದ್ದು, ಮೂಲೆ ಮುರಿದದ್ದು. ಹಳೆಯ ಕಲರ್ ಫೋಟೊಗಳಿಗೆ ವಯಸ್ಸಾದಂತೆ ಬರುವ ಕೆಂಪು ಇದಕ್ಕೂ ಬಂದು, ಇಡೀ ಚಿತ್ರ ಬೀಟ್‌ರೂಟಿನ ಸಾರಿನಲ್ಲಿ ನೆನೆಸಿ ತೆಗೆದ ಹಾಗಿತ್ತು. ಆ ಕೆಂಪಿನೊಳಗೆ ಕಣ್ಣಿಟ್ಟು ನೋಡಿದರೆ ಎರಡು ಕುರ್ಚಿ. ಒಂದರಲ್ಲಿ ಹಣೆತುಂಬ ವಿಭೂತಿ ಹಚ್ಚಿದ ಮಾವ, ಇನ್ನೊಂದರಲ್ಲಿ ತುಟಿ ಬಿಗಿಹಿಡಿದು ಕೂತ ಇಪ್ಪತ್ತರ ಹರೆಯದ ಅತ್ತೆ.

“ನನ್ನ ಕುಬುಸದಾಗ ತೆಗಿಸಿದ್ದು. ಶೈಲಾ ಹೊಟ್ಟೇಲಿದ್ಲು” ಎಂದರು ಅತ್ತೆ. ಚೊಚ್ಚಲ ಬಸುರಿಗೆ ತವರಿನವರು ಬಂದು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಶಾಸ್ತ್ರ ಅದು. ಅತ್ತೆಯ ತವರು ಸಾರಥಿ ಎಂಬ ಹಳ್ಳಿ. ಅಲ್ಲಿಂದ ಎರಡು ಎತ್ತಿನ ಗಾಡಿ ತುಂಬ ಹೆಣ್ಣುಮಕ್ಕಳು ಬಂದಿದ್ದರಂತೆ. “ನಾವಿಬ್ಬರೂ ಜೋಡಿ ಕುಂತಿದ್ದು ಇದೊಂದೇ ನೋಡ್ರಿ. ಆಮೇಲೆ ಅವರಿಗೂ ಪುರಸೊತ್ತಿಲ್ಲ, ನನಗೂ ಇಲ್ಲ. ಹೊಸ ಮನ್ಯಾಗ ನನ್ನ ಕೋಣಿಗೆ ಇದನ್ನು ದೊಡ್ಡದು ಮಾಡಿ ಹಾಕಬೇಕು. ಅವತ್ತು ಹೆಂಗಿದ್ವೋ ಹಂಗೇ ಮಾಡಿ ಕೊಡ್ರಿ ಅಳಿಯಂದ್ರೇ. ಅದಕ್ಕಿಂತ ಚಂದ ಮಾಡೋದು ಬ್ಯಾಡ.”

ಆ ಕೊನೆಯ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ನನಗಾಗಲೇ ಹುರುಪು ಬಂದಿತ್ತು. ಇಡೀ ಜಿಲ್ಲೆಯ ಮುಖ ತಿದ್ದಿದ ಕೈಗೆ ಸ್ವಂತ ಅತ್ತೆಯ ಮುಖವೇ ಬಂದು ಬಿದ್ದಿದೆ! ಶೈಲಾಳಿಗೂ ಈಗಲೇ ತೋರಿಸುವುದು ಬೇಡ, ಎಲ್ಲರೂ ಒಂದೇ ಸಲ ನೋಡಿ ಬೆರಗಾಗಲಿ ಎಂದು ಗುಟ್ಟು ಮಾಡಿದೆ. ಫೋಟೊವನ್ನು ಸ್ಕ್ಯಾನ್ ಮಾಡಿ, ಮುರಿದ ಮೂಲೆ ಸರಿಪಡಿಸಿ, ಮಾವನವರ ವಿಭೂತಿಯ ಮೇಲೆ ಡ್ರಾಪರು ಒತ್ತಿದೆ. ಕೆಂಪು ಒಂದೇ ಸಲಕ್ಕೆ ಇಳಿದುಹೋಯಿತು. ಗೋಡೆ ಸುಣ್ಣದ ಗೋಡೆಯಾಯಿತು, ಸೀರೆ ಹಸಿರಾಯಿತು. ಮಾವನವರ ಮುಖ ಎಷ್ಟು ಚೆನ್ನಾಗಿ ಬಂತೆಂದರೆ ಈಗ ಊಟ ಆತಾ ಎಂದು ಕೇಳುತ್ತಾರೇನೋ ಎನಿಸಿತು. ಆದರೆ ಅತ್ತೆಯ ಮುಖ ಮಾತ್ರ ಹಳದಿಯಾಗಿಯೇ ಉಳಿಯಿತು. ಮತ್ತೊಂದು ಗೆರೆಯ ಮೇಲೆ ಒತ್ತಿದೆ, ಹಳದಿ. ಅತ್ತೆಯದೇ ಹಣೆಯ ವಿಭೂತಿಯ ಮೇಲೆ ಒತ್ತಿದೆ, ಆಗಲೂ ಹಳದಿ. ವಿಭೂತಿ ಸುಳ್ಳು ಹೇಳುವುದಿಲ್ಲ ಎಂದು ಊರಿಗೆಲ್ಲ ಸಾರಿದವನು ಅವತ್ತು ವಿಭೂತಿಯನ್ನೇ ಅನುಮಾನಿಸಿದೆ. ಕಾಗದ ಆ ಜಾಗದಲ್ಲಿ ಹೆಚ್ಚು ಕೆಟ್ಟಿರಬೇಕು, ಇಲ್ಲವೇ ಕಿಟಕಿಗೆ ಹಳದಿ ಪರದೆ ಇದ್ದಿರಬೇಕು ಎಂದು ನಾನೇ ಕಾರಣ ಹುಟ್ಟಿಸಿಕೊಂಡೆ. ಆಮೇಲೆ ಅತ್ತೆಯ ಮುಖಕ್ಕೆ ಮಾತ್ರ ಬೇರೆಯಾಗಿ ಸುತ್ತುಗಟ್ಟಿ, ಕೆನ್ನೆಯ ಹಳದಿ, ಗಲ್ಲದ ಹಳದಿ, ಕಿವಿಯ ಹಿಂದಿನ ಹಳದಿ, ಎಲ್ಲವನ್ನೂ ಎರಡು ದಿನ ಕೂತು ಅಕ್ಕಿಯಲ್ಲಿನ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆದೆ. ಗೋಧಿಬಣ್ಣದ ತಿಳಿಯಾದ ಮುಖವೊಂದು ಬಂತು. ನನ್ನ ಕೆಲಸಕ್ಕೆ ನಾನೇ ಮರುಳಾದೆ. ದೊಡ್ಡದು ಮಾಡಿಸಿ, ತೇಗದ ಕಟ್ಟು ಹಾಕಿಸಿದೆ.

ಗೃಹಪ್ರವೇಶದ ಹಿಂದಿನ ದಿನ ಮಧ್ಯಾಹ್ನ ನಾನೂ ಶೈಲಾಳೂ ಹರಿಹರಕ್ಕೆ ಹೋದೆವು. ಹೊಸ ಮನೆಯಲ್ಲಿ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಅತ್ತೆ ತಮ್ಮ ಕೋಣೆಯಲ್ಲಿ ಕೂತು ವೀಳ್ಯದೆಲೆ ಎಣಿಸುತ್ತಿದ್ದರು. ನಾನು ಕಟ್ಟಿನ ಮೇಲಿನ ಕಾಗದವನ್ನು ನಿಧಾನವಾಗಿ ಹರಿದು ಅವರ ಮಡಿಲಲ್ಲಿಟ್ಟು, ಹೊಗಳಿಕೆ ಸ್ವೀಕರಿಸಲು ತಕ್ಕ ಮುಖ ಮಾಡಿಕೊಂಡು ನಿಂತೆ.

ಅತ್ತೆ ಬಹಳ ಹೊತ್ತು ನೋಡಿದರು. ಸೆರಗಿನಿಂದ ಗಾಜು ಒರೆಸಿದರು. ಎದ್ದು ಕಿಟಕಿಯ ಬೆಳಕಿಗೆ ಹಿಡಿದರು, ಮತ್ತೊಂದು ಸಲ ಗಾಜು ಒರೆಸಿದರು.

“ನಿಮ್ಮ ಮಾವಾರು ಥೇಟ್ ಹಂಗೇ ಅದಾರೆ” ಎಂದರು. ಪಕ್ಕದ ಮುಖದ ಮೇಲೆ ಬೆರಳಿಟ್ಟು, “ಇಕಿ ಯಾರು?” ಎಂದರು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. “ನೀವೇ ಅತ್ತೆ.”

“ನಾನಾದ್ರೆ ಮುಖದ ಅರಿಶಿಣ ಎಲ್ಲಿ ಹೋತು?”

ನನ್ನ ನಗು ಇದ್ದಲ್ಲೇ ನಿಂತಿತು. ಮದುವೆ ಮನೆಗಳ ಅರಿಶಿನ ಶಾಸ್ತ್ರದಲ್ಲಿ ಕ್ಯಾಮೆರಾಕ್ಕೂ ಅರಿಶಿನ ಮೆತ್ತಿಸಿಕೊಂಡು ಬಂದವನು ನಾನು. ಹಳದಿ ಮುಖ ನೋಡಿ ಟ್ಯೂಬ್‌ಲೈಟು ನೆನಪಾಯಿತು, ತಾಡಪಾಲು ನೆನಪಾಯಿತು, ಇಲ್ಲದ ಪರದೆಯೂ ನೆನಪಾಯಿತು, ಅರಿಶಿನ ನೆನಪಾಗಲಿಲ್ಲ. ಅದು ಹೊಡೆದ ಬಣ್ಣವಲ್ಲ, ಸಾರಥಿಯಿಂದ ಬಂದ ಐದು ಜನ ಮುತ್ತೈದೆಯರು ಕೈಯಾರೆ ಹಚ್ಚಿದ ಬಣ್ಣ.

ಅತ್ತೆ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು. “ಅವತ್ತು ಐದು ಮಂದಿ ಹಚ್ಚಿದ್ದು ಸಾಲದು ಅಂತ ನಮ್ಮ ದೊಡ್ಡವ್ವ ಇನ್ನೊಂದು ಬಟ್ಟಲ ಅರಿಶಿಣ ತಂದು ಬಳಿದೇಬಿಟ್ಟಿದ್ಲು. ಕುರ್ಚಿ ಮ್ಯಾಲೆ ಕುಂತಾಗ ಇವರು ಬಾಯಿ ತೆಗಿಲಾರದ ಮನುಷ್ಯ, ಫೋಟೊದವನು ರೆಡಿ ಅಂದ ಕೂಡ್ಲೇ, ‘ಅರಿಶಿಣದ ಕೊಂಬು ಕುಂತಂಗೆ ಕುಂತಿ ನೋಡು’ ಅಂದ್ರು. ಮುಂದೆ ಅತ್ತಿ, ಮಾವ, ಇಡೀ ಓಣಿ. ನಗಂಗಿಲ್ಲ ನಾನು. ತುಟಿ ಕಚ್ಚಿಕೊಂಡು ಕುಂತೆ. ನನ್ನ ಮುಖದ ಬಗ್ಗೆ ಅವರು ಮಾತಾಡಿದ್ದು ಅದೊಂದೇ ಸಲ. ಈಗ ಇದನ್ನು ನೋಡಿದ್ರೆ ಸಿಟ್ಟು ಮಾಡ್ಕೊಂಡು ಕುಂತಂಗೆ ಕಾಣ್ತತೆ.”

ಬಿಗಿಹಿಡಿದ ತುಟಿಯನ್ನು ಎರಡು ದಿನ ದೊಡ್ಡದು ಮಾಡಿ ಮಾಡಿ ನೋಡಿದ್ದ ನಾನು, ಅದನ್ನು ಗಾಂಭೀರ್ಯ ಎಂದು ತಿಳಿದಿದ್ದೆ.

“ಆರು ವರ್ಷದ ಕೆಳಗೆ ಒಂದ್ಸಲ ತೊಳೆದ್ರು” ಎಂದರು ಅತ್ತೆ. “ಹೋಗ್ಲಿ, ಫೋಟೊದಾಗಾದ್ರೂ ಉಳಿದೈತಲ್ಲ ಅಂದ್ಕೊಂಡಿದ್ದೆ. ನೀವು ಅದನ್ನೂ ತೊಳೆದ್ರಿ ನೋಡ್ರಿ.” ಸಿಟ್ಟಿನಿಂದ ಅಂದಿದ್ದರೆ ಪರವಾಗಿರಲಿಲ್ಲ. ಸಣ್ಣ ಮಕ್ಕಳು ನೀರು ಚೆಲ್ಲಿದಾಗ ಅನ್ನುವ ಹಾಗೆ, ನಗುತ್ತಲೇ ಅಂದರು. ಶೈಲಾ ನನ್ನ ಕಡೆ ನೋಡಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, “ಅವ್ವ, ಚಾ ಕುಡಿತೀಯಾ?” ಎಂದಳು.

ನನಗೆ ಬಹಳ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಕಸುಬು ಕೆಟ್ಟದ್ದಕ್ಕಲ್ಲ. ಮಾವ ಇದ್ದಾಗ ಹದಿನೇಳು ವರ್ಷ ನಾನು ಆ ಮುಖವನ್ನು ನೋಡಿದ್ದೆ. ಬೆಳಿಗ್ಗೆ ಬಾಗಿಲು ತೆರೆದು ‘ಬರ್ರಿ’ ಎನ್ನುವಾಗ ಗಲ್ಲದಲ್ಲಿ ಅರಿಶಿನ ಇರುತ್ತಿತ್ತು. ನನಗೆ ಕೊಡುವ ಚಹಾದ ಲೋಟಕ್ಕೂ ಕೆಲವೊಮ್ಮೆ ಅದರ ಬೆರಳಚ್ಚು ಅಂಟಿರುತ್ತಿತ್ತು. ಆರೇ ವರ್ಷದಲ್ಲಿ ನಾನು ಅದನ್ನು ಮರೆತಿದ್ದೆ. ನಾವೆಲ್ಲ ಆ ಖಾಲಿ ಕೆನ್ನೆಗೇ ಒಗ್ಗಿಕೊಂಡು, ಅದೇ ಅವರ ಸ್ವಂತ ಬಣ್ಣ ಎಂದು ತೀರ್ಮಾನ ಮಾಡಿಬಿಟ್ಟಿದ್ದೆವು. ಅತ್ತೆ ಒಬ್ಬರೇ ಮರೆತಿರಲಿಲ್ಲ.

ಚಹಾ ಬರುವವರೆಗೂ ನಾನು ಕಾಯಲಿಲ್ಲ. ಶೈಲಾಳನ್ನು ಅಲ್ಲೇ ಬಿಟ್ಟು, ಕಟ್ಟನ್ನು ಬಗಲಿಗೆ ಹಾಕಿಕೊಂಡು, ಬಂದ ಬಸ್ಸು ಹತ್ತಿ ದಾವಣಗೆರೆಗೆ ವಾಪಸು ಬಂದೆ. ಬಾತಿ ದಾಟುವಾಗ ಆ ಚಹಾದಂಗಡಿಯ ತಾಡಪಾಲು ಕಾಣಿಸಿತು. ಈಗ ನೀಲಿಯದು ಕಟ್ಟಿದ್ದರು. ಗೆಳೆಯ ನೆನಪಾಗಿ, ಹದಿನೈದು ದಿನ ಗಂಜಿ ಕುಡಿಯಬೇಕಾದವನು ನಾನು ಎನಿಸಿತು. ಸ್ಟುಡಿಯೊ ತೆರೆದು ಕಂಪ್ಯೂಟರಿನ ಮುಂದೆ ಕೂತೆ. ಅರಿಶಿನವನ್ನು ಮತ್ತೆ ಹೇಗೆ ಹಚ್ಚುವುದು, ಯಾವ ಹಳದಿ ಹಿಡಿಯುವುದು, ಎಷ್ಟು ದಪ್ಪ ಬಳಿಯುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಹಚ್ಚಬೇಕಾದ್ದು ಏನೂ ಇರಲಿಲ್ಲ. ನಾನು ಅತ್ತೆಯ ಮುಖಕ್ಕೆ ಮಾಡಿದ್ದ ಎರಡು ದಿನದ ತಿದ್ದುಪಡಿಯನ್ನು ಅಳಿಸಿದರೆ ಸಾಕಾಗಿತ್ತು. ಅಳಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಮಾವನವರ ವಿಭೂತಿ ಮೊದಲೇ ಹೇಳಿದ್ದ ಬಣ್ಣದಲ್ಲಿ ಅತ್ತೆ ಕೂತಿದ್ದರು, ಕೆನ್ನೆಯಿಂದ ಕಿವಿಯವರೆಗೂ ಅರಿಶಿನ. ತುಟಿಯ ಎಡ ಮೂಲೆಯಲ್ಲಿ ನಗು ಇನ್ನೇನು ಕಟ್ಟೆಯೊಡೆಯುವಂತಿತ್ತು. ಪಕ್ಕದಲ್ಲಿ ಮಾವ, ತಮಗೇನೂ ಗೊತ್ತಿಲ್ಲವೆಂಬಂತೆ ನೆಟ್ಟಗೆ ಮುಂದೆ ನೋಡುತ್ತಿದ್ದರು. ನನ್ನ ಮೂವತ್ತು ವರ್ಷದ ಕಸುಬಿನಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸವೆಂದರೆ ನನ್ನ ಕೆಲಸವನ್ನು ಅಳಿಸಿದ್ದೇ.

ಮರುದಿನ ಬೆಳಿಗ್ಗೆ ಹೊಸ ಪ್ರಿಂಟು ಹಾಕಿದ ಕಟ್ಟಿನೊಂದಿಗೆ ಹರಿಹರ ಮುಟ್ಟುವ ಹೊತ್ತಿಗೆ ಮನೆ ತುಂಬ ಜನ ಸೇರಿದ್ದರು. ಅತ್ತೆ ನನ್ನನ್ನು ಕೋಣೆಗೆ ಕರೆದರು. ಈ ಸಲ ನಾನು ಯಾವ ಮುಖವನ್ನೂ ಮಾಡಿಕೊಳ್ಳಲಿಲ್ಲ. ಅವರು ಕಾಗದ ಬಿಚ್ಚಿ ನೋಡಿದರು. ಗಾಜು ಒರೆಸಲಿಲ್ಲ.

“ಹ್ಞಾಂ, ಈಗ ಬಂದೆ ನೋಡ್ರಿ ನಾನು” ಎಂದರು. ಆಮೇಲೆ ಫೋಟೊದೊಳಗೆ ಅಷ್ಟು ವರ್ಷ ಬಿಗಿಹಿಡಿದಿದ್ದ ನಗುವನ್ನು ಕೋಣೆಯ ತುಂಬ ನಕ್ಕರು. ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದು, “ಬರ್ರಿ ಇಲ್ಲಿ, ಹಣೆ ಖಾಲಿ ಇಟ್ಕೊಂಡು ಬಂದೀರಿ” ಎಂದು ಮೂರು ಬೆರಳಲ್ಲಿ ನನಗೆ ಎಳೆದರು. ಶೈಲಾ ಬಾಗಿಲಲ್ಲಿ ನಿಂತು, ಕಟ್ಟು ಹಿಡಿದುಕೊಂಡಿದ್ದ ನಮ್ಮಿಬ್ಬರ ಫೋಟೊವನ್ನು ತನ್ನ ಮೊಬೈಲಿನಲ್ಲಿ ತೆಗೆದಳು.

ಎರಡು ದಿನ ಬಿಟ್ಟು ಶೈಲಾ ಸ್ಟುಡಿಯೊಕ್ಕೆ ಬಂದು, ಆ ಫೋಟೊದ ಪ್ರಿಂಟು ಬೇಕೆಂದಳು. ಕಂಪ್ಯೂಟರಿಗೆ ಹಾಕಿ ನೋಡಿದರೆ ನನ್ನ ಕಣ್ಣು, ಮೂಗಿನ ತುದಿ ಎಲ್ಲ ಕೆಂಪಗೆ ಕಾಣುತ್ತಿದ್ದವು.

“ನಿಮ್ಮ ಮುಖ ಯಾಕ್ರಿ ಹಂಗಾಗೈತೆ?” ಎಂದಳು.

“ಪರದೆ. ನಿನ್ನ ತಮ್ಮ ಕೋಣೆಗೆ ಕೆಂಪು ಪರದೆ ಹಾಕಿಸ್ಯಾನಲ್ಲ, ಅದರ ಬಣ್ಣ ಹೊಡೆದೈತೆ” ಎಂದೆ.

“ಹೌದಾ?” ಎಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. “ಹಂಗಾದ್ರೆ ವಿಭೂತಿ ಮ್ಯಾಲೆ ಒತ್ತಿ ನೋಡ್ರಿ.”

ಅತ್ತೆ ಎಳೆದಿದ್ದ ಮೂರು ಗೆರೆಯ ನಡುವಿನದನ್ನು ಆರಿಸಿ ಡ್ರಾಪರು ಒತ್ತಿದೆ. ವಿಭೂತಿ ಹಾಲಿನಂತೆ ಬೆಳ್ಳಗಾಯಿತು. ಅತ್ತೆಯ ಮುಖ ಅತ್ತೆಯ ಮುಖವಾಯಿತು, ಅವರ ಕೈಯಲ್ಲಿದ್ದ ಕಟ್ಟಿನೊಳಗಿನ ಅರಿಶಿನ ಅರಿಶಿನವಾಯಿತು. ನನ್ನ ಕಣ್ಣೂ ಮೂಗೂ ಮಾತ್ರ ಕೆಂಪಗೇ ಉಳಿದವು. ಶೈಲಾ ಕಂಪ್ಯೂಟರನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಈ ಮೌಸು ಹಳೆಯದಾಗಿದೆ, ಸರಿಯಾಗಿ ಒತ್ತುತ್ತಿಲ್ಲ ಎಂದೆ.